ಯಾವ ಹಂದಿ ಜ್ವರಕ್ಕೆ ಯಾವ ಲಸಿಕೆ?

ಮಾನ್ಯ ಸಂಪಾದಕರೇ,

ಹಂದಿಗೆ ಲಸಿಕೆ ಹಾಕಿಸಿದ್ದೇವೆ, ಇನ್ನು ಭಯವಿಲ್ಲ ಎನ್ನುವವರು ನಮ್ಮ ಕಡೆ ಜಾಸ್ತಿ. ಆದರೆ ಇರುವುದು ಎರಡು ಬೇರೆ ವೈರಸ್: ಹಳೆಯ ಹಂದಿ ಜ್ವರದ್ದೊಂದು, ಆಫ್ರಿಕನ್ ಹಂದಿ ಜ್ವರದ್ದೊಂದು. ನಮ್ಮಲ್ಲಿ ಹಳೆಯ ಹಂದಿ ಜ್ವರಕ್ಕೆ ಮಾತ್ರ ಲಸಿಕೆ ಇದೆ. ಮೊದಲು ಅದನ್ನು ಮೊಲದಲ್ಲಿ ವೈರಸ್ ಬೆಳೆಸಿ, ಮೊಲ ಕೊಂದು, ಗುಲ್ಮ (ಸ್ಪ್ಲೀನ್) ತೆಗೆದು ತಯಾರಿಸುತ್ತಿದ್ದರು. ಒಂದು ಮೊಲಕ್ಕೆ ಸುಮಾರು 50 ಡೋಸ್ ಅಷ್ಟೇ. ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯವರು ಪ್ರಯೋಗಾಲಯದ ಜೀವಕೋಶಗಳಲ್ಲೇ ಬೆಳೆಸುವ ಲಸಿಕೆ ರೂಪಿಸಿದರು. 2020ರಲ್ಲಿ ಅದು ಬಿಡುಗಡೆಯಾಯಿತು. ದೊಡ್ಡ ಕೆಲಸ, ಸದ್ದೇ ಆಗಲಿಲ್ಲ.

ಅದೇ ವರ್ಷ ಅಸ್ಸಾಂ, ಅರುಣಾಚಲದಲ್ಲಿ ಆಫ್ರಿಕನ್ ಹಂದಿ ಜ್ವರ ಕಾಣಿಸಿತು. 2022ರಲ್ಲಿ ಪಕ್ಕದ ವಯನಾಡಿಗೂ ಬಂತು. ಮೇಲಿನ ಲಸಿಕೆ ಇದನ್ನು ತಡೆಯುವುದಿಲ್ಲ. ವಿಯೆಟ್ನಾಂ 2022ರಲ್ಲಿ ಇದಕ್ಕೊಂದು ಲಸಿಕೆ ಒಪ್ಪಿತು. ಹಂದಿಗಳು ಸತ್ತಾಗ ಕೆಲವೇ ತಿಂಗಳಲ್ಲಿ ನಿಲ್ಲಿಸಿ, 2023ರಲ್ಲಿ ಮತ್ತೆ ಅನುಮತಿ ಕೊಟ್ಟಿತು. ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಇಂಥ ಲಸಿಕೆ ಸುಮ್ನೆ ಮಾತಲ್ಲ. ಆತುರ ಬೇಡ, ಆದರೆ ಸಂಶೋಧನೆಗೆ ದುಡ್ಡು ಕಡಿಮೆಯಾಗಬಾರದು ಅಲ್ವಾ?

ಇದಕ್ಕೆ ನಮ್ಮಲ್ಲಿ ಲಸಿಕೆ ಬರುವವರೆಗೆ ಹೋಟೆಲ್ ಮುಸುರೆಯನ್ನು ಚೆನ್ನಾಗಿ ಕುದಿಸದೆ ಹಂದಿಗೆ ಹಾಕಬೇಡಿ; ಅದರಲ್ಲಿನ ಹಂದಿಮಾಂಸದ ಚೂರಿನಿಂದಲೂ ಈ ಜ್ವರ ಹರಡುತ್ತದೆ. ಕಾಲುಬಾಯಿ ಜ್ವರಕ್ಕೆ ಮಾಡುವಂತೆ ಹಂದಿಗೂ ಊರೂರಿಗೆ ಬಂದು ಲಸಿಕೆ ಹಾಕಲಿ. ಹಾಕುವಾಗ, ಅದು ಯಾವ ಜ್ವರಕ್ಕೆ ಎಂದು ಪಶು ಇಲಾಖೆಯವರು ಬಿಡಿಸಿ ಹೇಳಲಿ.

– ಒಬ್ಬ ಹಂದಿ ಸಾಕಣೆದಾರ, ವಿರಾಜಪೇಟೆ