ಕೆರೆಯ ಬಾಯಿಯ ಜೊಂಡು ಉಳಿಸಿ

ಮಾನ್ಯರೇ,

ಬೇಸಿಗೆಯಲ್ಲಿ ಕೆರೆ ಹೂಳೆತ್ತುವ ಕೆಲಸ ಶುರುವಾದರೆ ಜೆಸಿಬಿಗೆ ಮೊದಲು ಬಲಿಯಾಗುವುದು ನೀರು ಒಳಬರುವ ಬಾಯಿಯಲ್ಲಿ ಬೆಳೆದ ಜೊಂಡು. ಕೆರೆ ಚೊಕ್ಕವಾಗಿ ಕಾಣಲೆಂದು ಅದನ್ನು ಬುಡಸಮೇತ ಕಿತ್ತು ದಂಡೆಗೆ ಹಾಕುತ್ತಾರೆ. ಕೊಳಚೆ ಸೇರುವ ಕೆರೆಯಾದರೆ ಮುಂದೆ ಅಲ್ಲಿ ಪಾಚಿಯೂ ಅಂತರಗಂಗೆಯೂ ಇನ್ನಷ್ಟು ಸುಲಭವಾಗಿ ಹಬ್ಬುತ್ತವೆ. ಅವುಗಳ ಗೊಬ್ಬರವಾದ ಸಾರಜನಕವನ್ನು ಬಾಗಿಲಲ್ಲೇ ತಡೆಯುತ್ತಿದ್ದ ಜೊಂಡು ಈಗ ಇಲ್ಲ.

ಜೊಂಡು ತಾನು ಬೆಳೆಯಲು ಸಾರಜನಕ ಹೀರುತ್ತದೆ, ನಿಜ. ಆದರೆ ಅದು ಸಣ್ಣ ಪಾಲು. ದೊಡ್ಡ ಕೆಲಸ ಅದರ ಬೇರಿನ ಸುತ್ತ ಇರುವ ಬ್ಯಾಕ್ಟೀರಿಯಾಗಳದು. ಶೌಚಾಲಯ, ಕೊಟ್ಟಿಗೆಗಳಿಂದ ಬರುವ ಸಾರಜನಕ ಹೆಚ್ಚಾಗಿ ಅಮೋನಿಯಂ ಆಗಿರುತ್ತದೆ. ಆಮ್ಲಜನಕ ಸಿಕ್ಕರೆ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಕೊಳೆತ ಎಲೆ, ಕಡ್ಡಿಗಳ ಇಂಗಾಲ ತಿಂದು, ಆ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಜೊಂಡು ತನ್ನ ದಂಟಿನೊಳಗಿಂದ ಬೇರಿಗೆ ಗಾಳಿ ಇಳಿಸುತ್ತದೆ. ಹಾಗಾಗಿ ಬೇರಿಗಂಟಿದ ತೆಳುಪದರದಲ್ಲಿ ಮೊದಲ ಕೆಲಸ, ಅದರಾಚೆಯ ಕೆಸರಿನಲ್ಲಿ ಎರಡನೆಯದು.

ಯಾವ ನೀರಿಗೆ ಯಾವ ಕೆಲಸ ಬೇಕು ಎಂದು ನೋಡದೆ ಜೊಂಡು ನೆಟ್ಟರೆ ಪ್ರಯೋಜನ ಕಡಿಮೆ. ಮೊದಲು ಅಡಿಕೆ ತೋಟದ ನೀರು ನೋಡಿ. ಅಡಿಕೆಗೆ ಶಿಫಾರಸು ಮಾಡಿರುವುದು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ. 9 ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 540 ಮರ, ಅಂದರೆ 54 ಕೆ.ಜಿ. ಮಣ್ಣಿನಲ್ಲಿ ಅದು ನೈಟ್ರೇಟ್ ಆಗುತ್ತದೆ. ನೈಟ್ರೇಟನ್ನು ಮಣ್ಣು ಹಿಡಿದಿಡುವುದಿಲ್ಲ. ಮರ ಬಳಸದೆ ಉಳಿದದ್ದು ಮಳೆಗೆ ಬಸಿಗಾಲುವೆಗೆ ಇಳಿಯುತ್ತದೆ. ಈ ನೀರಿಗೆ ಎರಡನೆಯ ಕೆಲಸವಷ್ಟೇ ಸಾಕು. ಕಾಲುವೆ ಕೆರೆ ಸೇರುವಲ್ಲಿ ಅಡ್ಡ ಏರಿ ಹಾಕಿ, ಒಂದರಿಂದ ಒಂದೂವರೆ ಅಡಿ ನೀರು ನಿಲ್ಲಿಸಿ ಜೊಂಡು ಬೆಳೆಸಿದರೆ ಆಯಿತು. ನೀರು ಒಂದು ದಿನವಾದರೂ ಅಲ್ಲಿ ತಂಗಬೇಕು, ಉದುರಿದ ಎಲೆ ಸ್ವಲ್ಪ ಅಲ್ಲೇ ಕೊಳೆಯಬೇಕು.

ಹೋಂಸ್ಟೇ, ವಸತಿಗೃಹಗಳ ನೀರಿನ ಕಥೆ ಬೇರೆ. ಒಂದು ಗ್ರಾಂ ಅಮೋನಿಯಂ ಸಾರಜನಕ ನೈಟ್ರೇಟ್ ಆಗಲು 4.6 ಗ್ರಾಂ ಆಮ್ಲಜನಕ ಬೇಕು. ಕೊಳಚೆ ಸೋಸಲು ಜಲ್ಲಿ ತುಂಬಿ ಜೊಂಡು ನೆಟ್ಟ, ಸದಾ ನೀರು ನಿಂತ ಹೊಂಡದಲ್ಲಿ, ಅಂದರೆ ಜಲ್ಲಿ ಹಾಸಿಗೆಯಲ್ಲಿ, ಅಷ್ಟು ಸಿಗುವುದಿಲ್ಲ, ಜೊಂಡಿನ ಬೇರು ಎಷ್ಟೇ ಕೊಟ್ಟರೂ ಸಾಲದು. ಖರ್ಚು ಕಡಿಮೆಯೆಂದು ಅದೊಂದನ್ನೇ ಕಟ್ಟಿಸಿದವರಿಗೆ ನೀರು ತಿಳಿಯಾಗಿ ಕಾಣುತ್ತದೆ, ಅಮೋನಿಯಂ ಮಾತ್ರ ಬಹುಪಾಲು ಹಾಗೆಯೇ ಹೊರಬೀಳುತ್ತದೆ. ಸೆಪ್ಟಿಕ್ ಟ್ಯಾಂಕಿನ ನಂತರ ಎರಡು ಹಾಸಿಗೆ ಬೇಕು. ಮೊದಲನೆಯದಕ್ಕೆ ದಿನಕ್ಕೆ ಮೂರ್ನಾಲ್ಕು ಸಲ ಮೇಲಿನಿಂದ ನೀರು ಸುರಿದು ಪೂರ್ತಿ ಬಸಿಯಲು ಬಿಡಬೇಕು. ನೀರು ಇಳಿದಂತೆ ಗಾಳಿ ಒಳಹೋಗುತ್ತದೆ. ಎರಡನೆಯದು 60 ಸೆಂ.ಮೀ. ಆಳದ ಜಲ್ಲಿ ಹಾಸಿಗೆ, ನೀರು ಯಾವಾಗಲೂ ಜಲ್ಲಿಯ ಮಟ್ಟಕ್ಕಿಂತ ಸ್ವಲ್ಪ ಕೆಳಗೆ. ನಮ್ಮ ಸೆಕೆಗೆ ಒಬ್ಬರಿಗೆ ಎರಡೂ ಸೇರಿ ಸುಮಾರು 2 ಚದರ ಮೀಟರ್ ಜಾಗ ಹಿಡಿಯಬಹುದು.

ಇಲ್ಲಿ ಎಡವುವುದು ಹೆಚ್ಚಾಗಿ ಮೂರು ಕಡೆ. ಚಿರೆಕಲ್ಲಿನ (ಜಂಬಿಟ್ಟಿಗೆಯ) ಚೂರು ಹಾಕಿದರೆ ಅದು ಪುಡಿಯಾಗಿ ಸಂದು ಮುಚ್ಚುತ್ತದೆ. ತೊಳೆದ ಗಟ್ಟಿ ಜಲ್ಲಿಯೇ ಬೇಕು, ನೀರು ಬರುವ ಮತ್ತು ಹೋಗುವ ತುದಿಗಳಲ್ಲಿ ದಪ್ಪ ಕಲ್ಲು. ಇನ್ನು, ಒಂದು ಗ್ರಾಂ ಅಮೋನಿಯಂ ಸಾರಜನಕ ಬದಲಾಗುವಾಗ ನೀರು ಹುಳಿಯಾಗದಂತೆ ತಡೆಯುವ ಕ್ಷಾರ, ಸುಣ್ಣಕಲ್ಲಿನ ಲೆಕ್ಕದಲ್ಲಿ 7 ಗ್ರಾಂ, ಖರ್ಚಾಗುತ್ತದೆ. ಜಂಬಿಟ್ಟಿಗೆ ನೆಲದ ನಮ್ಮ ನೀರಿನಲ್ಲಿ ಸುಣ್ಣದಂಶವೇ ಕಡಿಮೆ. ನೀರು ಹುಳಿಯಾಗಿ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ. ಮೊದಲ ಹಾಸಿಗೆಯ ಮೇಲೆ ಬಳಚಿನ (ಹೊಳೆಯ ಚಿಪ್ಪುಮೀನಿನ) ಚಿಪ್ಪಿನ ಒಂದು ಪದರ ಹರಡಿದರೆ ಇದಕ್ಕೆ ಪರಿಹಾರ. ಹೊಳೆಯಿಂದ ತೆಗೆಸಬೇಕಿಲ್ಲ, ಅಡುಗೆಮನೆಯಲ್ಲಿ ಬಿಸಾಡಿದ ಚಿಪ್ಪೇ ಸಾಕು. ಕೊನೆಯದು ಮಳೆ. ದಿನಕ್ಕೆ 100 ಮಿ.ಮೀ. ಸುರಿದರೆ ಒಂದು ಚದರ ಮೀಟರಿಗೆ 100 ಲೀಟರ್, ಹೆಚ್ಚುಕಡಿಮೆ ಒಬ್ಬ ಮನುಷ್ಯನ ದಿನದ ಕೊಳಚೆಯಷ್ಟು. ಮಾಡಿನ ನೀರೂ ಅಂಗಳದ ನೀರೂ ಹಾಸಿಗೆಗೆ ಸೇರಲೇಬಾರದು.

ಜೊಂಡು ಇಡೀ ಕೆರೆ ನುಂಗುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ಆಳದ ನೀರಿನಲ್ಲಿ ಅದು ಬೇರೂರಲಾರದು. ಕೆರೆಯ ನಡುಭಾಗವನ್ನು ಆರೇಳು ಅಡಿ ಆಳ ಮಾಡಿ, ಬಾಯಿಯ ಕಡೆ ಮಾತ್ರ ಆಳ ಕಡಿಮೆ ಬಿಟ್ಟರೆ ಅದು ಅಲ್ಲೇ ನಿಲ್ಲುತ್ತದೆ. ಮಳೆಗಾಲ ಮುಗಿದ ಮೇಲೆ ಮೂರರಲ್ಲೊಂದು ಭಾಗ ಕೊಯ್ದು ಕೊಟ್ಟಿಗೆಗೋ ಗೊಬ್ಬರಗುಂಡಿಗೋ ಹಾಕಬಹುದು. ಕೂಳೆ ನೀರಿನ ಮೇಲೆ ಒಂದಡಿಯಾದರೂ ಉಳಿಯಬೇಕು. ಮುಳುಗಿದರೆ ಬೇರಿಗೆ ಉಸಿರು ಸಿಗದೆ ಬುಡವೇ ಕೊಳೆಯುತ್ತದೆ.

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಯ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಘಟ್ಟದ ಮೇಲೆ ಹಳ್ಳಕ್ಕೆ ಬಿಟ್ಟ ಸಾರಜನಕ ಕೆಳಗಿನ ಬಳಚು, ಸಿಗಡಿಗಳ ನೀರಿನ ಕಡೆಗೇ ಹರಿಯುತ್ತದೆ. ಆದ್ದರಿಂದ ನಗರಸಭೆ ಮತ್ತು ಗ್ರಾಮ ಪಂಚಾಯಿತಿಗಳು ಹೂಳೆತ್ತುವ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ‘ಗಿಡಗಂಟಿ ತೆರವು’ ಎಂದು ಬರೆಯುವಾಗ ‘ನೀರು ಒಳಬರುವ ಬಾಯಿಯ ಜೊಂಡು ಹೊರತುಪಡಿಸಿ’ ಎಂದೂ ಸೇರಿಸಲಿ. ಜೆಸಿಬಿ ಇಳಿಯುವ ಮೊದಲೇ ಆ ಜಾಗಕ್ಕೆ ಗೂಟ ಹೊಡೆದು ಹಗ್ಗ ಕಟ್ಟಿಸಲಿ.

– ಜಲಸಂರಕ್ಷಣಾಸಕ್ತರು, ಶಿರಸಿ