ನವಜಾತ ಶಿಶುವಿನ ತಲೆ ಸುತ್ತಳತೆ ದಾಖಲಾಗಲಿ

ಮಾನ್ಯ ಸಂಪಾದಕರೇ,

2022ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆಯ ಬಾಲಕಿಯಲ್ಲಿ ಸೊಳ್ಳೆಯಿಂದ ಹರಡುವ ಝೀಕಾ ವೈರಸ್ ಸೋಂಕು ದೃಢಪಟ್ಟಿತ್ತು. ಗರ್ಭಿಣಿಗೆ ಈ ಸೋಂಕು ತಗುಲಿದರೆ ಮಗುವಿನ ಮೆದುಳು ಬೆಳೆಯದೆ ತಲೆ ತೀರಾ ಚಿಕ್ಕದಾಗಬಹುದು; ಇದಕ್ಕೆ ಮೈಕ್ರೊಸೆಫಲಿ ಎನ್ನುತ್ತಾರೆ. ರುಬೆಲ್ಲಾ ಸೋಂಕಿನಿಂದಲೂ ವಂಶವಾಹಿ ದೋಷಗಳಿಂದಲೂ ಹೀಗಾಗುತ್ತದೆ. ಮಾಮೂಲಿ ವರ್ಷಗಳಲ್ಲಿ ಇಂಥ ಮಕ್ಕಳೆಷ್ಟು ಎಂಬ ಲೆಕ್ಕವೇ ಇಲ್ಲದಿದ್ದರೆ ಪ್ರಕರಣ ಏರಿದ್ದು ಗೊತ್ತಾಗುವುದು ಹೇಗೆ?

ಎಡವಟ್ಟಾಗುವುದು ತಲೆ ಸುತ್ತಳತೆಯ ಅಳತೆಯಲ್ಲೇ. ಬಟ್ಟೆಯ ಟೇಪು ಬಳಸಿದಷ್ಟೂ ಹಿಗ್ಗುತ್ತದೆ. ಹಿಗ್ಗದ ಟೇಪೇ ಬೇಕು. ಹುಬ್ಬು ಮತ್ತು ಕಿವಿಗಳ ಮೇಲಿನಿಂದ, ಹಿಂದಲೆಯ ಅತಿ ಉಬ್ಬಿದ ಭಾಗವನ್ನು ಸುತ್ತಿ ಮೂರು ಸಲ ಅಳೆದು, ದೊಡ್ಡ ಅಳತೆಯನ್ನು ಮಿಲಿಮೀಟರ್ ಸಹಿತ ಬರೆಯಬೇಕು. ಹೆರಿಗೆಯ ಒತ್ತಡಕ್ಕೆ ತಲೆಯ ಆಕಾರ ಬದಲಾಗಿರುತ್ತದೆ, ಆದ್ದರಿಂದ 24 ಗಂಟೆ ಕಳೆದ ಮೇಲೆ, ವಾರದೊಳಗೆ ಅಳೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ದಿನ ತುಂಬಿ ಹುಟ್ಟಿದ ಗಂಡು ಮಗುವಿಗೆ 30.7, ಹೆಣ್ಣಿಗೆ 30.3 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಮೈಕ್ರೊಸೆಫಲಿ. ಅವಧಿಗೆ ಮುನ್ನ ಹುಟ್ಟಿದವರಿಗೆ ಈ ಅಂಕಿ ಸಲ್ಲದು. ಗರ್ಭದ ವಾರಗಳಿಗೆ ತಕ್ಕ ಅಳತೆಯ ಪಟ್ಟಿಯನ್ನೇ ನೋಡಬೇಕು.

ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್ ಮನೆಗಳಿಗೆ ಬರುವ ವಲಸೆ ಕುಟುಂಬಗಳು ಕೊಯ್ಲು ಮುಗಿದರೆ ಹೊರಟುಬಿಡುತ್ತವೆ. ಹಾಗಾಗಿ ಆಶಾ ಕಾರ್ಯಕರ್ತೆಯರ 3 ಮತ್ತು 7ನೇ ದಿನದ ಭೇಟಿಯಲ್ಲೇ ಅಳತೆ ತಾಯಿ ಕಾರ್ಡಿಗೆ ಏರಲಿ, ಅದಕ್ಕೆ ತಕ್ಕ ಟೇಪು ಮತ್ತು ತರಬೇತಿಯನ್ನು ಆರೋಗ್ಯ ಇಲಾಖೆ ಕೊಡಲಿ.

– ಶಿಶು ಆರೋಗ್ಯ ಕಾರ್ಯಕರ್ತರು, ಚಿಕ್ಕಮಗಳೂರು