ಸಿನಿಮಾಕ್ಕೆ ಇರುವ ವಯಸ್ಸಿನ ಪ್ರಮಾಣಪತ್ರ ಗೇಮ್‌ಗೆ ಏಕಿಲ್ಲ? ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕಳೆದ ದಸರಾ ರಜೆಯಲ್ಲಿ ನನ್ನ ಮಗ, ಅಜ್ಜ ಕೊಟ್ಟಿದ್ದ ಹಬ್ಬದ ದುಡ್ಡಿನಲ್ಲಿ, ಹಳೆಯ ಗೇಮ್‌ಗಳನ್ನು ಮಾರುವ ಅಂಗಡಿಯಿಂದ ಒಂದು ಡಿಸ್ಕ್ ತಂದ. ಅವನಿಗೆ 12 ವರ್ಷ. ಗೇಮ್‌ನ ಹೆಸರು ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’. ಅವನು ಆಡುತ್ತಿದ್ದ, ನಾನು ಪಕ್ಕದಲ್ಲಿ ಕುಳಿತು ದಂಟಿನ ಸೊಪ್ಪು ಬಿಡಿಸುತ್ತಿದ್ದೆ.

ಪರದೆಯ ಮೇಲೆ ಲಿಫ್ಟಿನ ಬಾಗಿಲು ತೆರೆಯಿತು. ಮೆಷಿನ್‌ಗನ್ ಹಿಡಿದ ಗುಂಪೊಂದು ಮಾಸ್ಕೋದ ವಿಮಾನ ನಿಲ್ದಾಣಕ್ಕೆ ಕಾಲಿಟ್ಟಿತು. ಆ ಗುಂಪಿನಲ್ಲಿ ಒಬ್ಬ ನನ್ನ ಮಗ. ಎದುರಿಗೆ ತಪಾಸಣೆಗೆ ಸಾಲು ನಿಂತ ಪ್ರಯಾಣಿಕರು. ಕ್ಷಣದಲ್ಲಿ ಗುಂಡಿನ ಮಳೆ. ಓಡಿ ಆಚೆ ಹೋಗೋಣವೆಂದರೆ ಆ ಭಾಗದಲ್ಲಿ ಆಟಗಾರ ಓಡುವಂತಿಲ್ಲ, ನಿಧಾನವಾಗಿ ನಡೆಯಬೇಕು, ನೋಡುತ್ತ ನಡೆಯಬೇಕು. ಗಾಯಗೊಂಡವನೊಬ್ಬ ನೆಲದ ಮೇಲೆ ತೆವಳುತ್ತಿದ್ದ. ಮಗ ಗುಂಡಿಯಿಂದ ಬೆರಳು ತೆಗೆದು ನನ್ನತ್ತ ತಿರುಗಿ ಕೇಳಿದ: “ಅಮ್ಮಾ, ಇವರನ್ನೆಲ್ಲ ನಾನು ಕೊಲ್ಲಲೇಬೇಕೇ?”

ಕೊಲ್ಲಬೇಕಾಗಿರಲಿಲ್ಲ. ಒಂದೂ ಗುಂಡು ಹಾರಿಸದೆ ಆ ಜನರ ನಡುವೆ ಸಾಗಬಹುದೆಂದು ಆಮೇಲೆ ಓದಿ ತಿಳಿದುಕೊಂಡೆ. ಮನಸ್ಸು ಕಲಕುವ ದೃಶ್ಯವಿದೆ, ಬೇಡವಾದರೆ ಬಿಟ್ಟು ಮುಂದೆ ಹೋಗಿ ಎಂದು ಗೇಮ್ ಮೊದಲೇ ಕೇಳುತ್ತದೆ ಕೂಡ. ಅದು ಕೇಳಿದ್ದು ಇಂಗ್ಲಿಷಿನಲ್ಲಿ. ಆಟ ಶುರುವಾಗಲಿ ಎಂಬ ಆತುರದಲ್ಲಿ ಹುಡುಗ ಅದನ್ನು ಓದದೆ ಒತ್ತಿ ದಾಟಿಬಿಟ್ಟಿದ್ದ.

ಆ ಕತೆಗೂ ಒಂದು ಉದ್ದೇಶವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆಟಗಾರ ಭಯೋತ್ಪಾದಕ ಮಕಾರೋವ್‌ನ ತಂಡಕ್ಕೆ ನುಸುಳಿದ, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಗೂಢಚಾರ. ಕೊನೆಗೆ ಮಕಾರೋವ್ ಅವನನ್ನೇ ಕೊಂದು, ಅಮೆರಿಕದವನ ಹೆಣವನ್ನು ಸಾಕ್ಷಿಯಾಗಿ ಬಿಟ್ಟು ಹೋಗುತ್ತಾನೆ. ರಷ್ಯಾ ಮತ್ತು ಅಮೆರಿಕದ ನಡುವೆ ಯುದ್ಧ ಹೊತ್ತಿಕೊಳ್ಳುತ್ತದೆ. ದೊಡ್ಡವರು ಆಡಲಿ, ಅದರ ಬಗ್ಗೆ ಜಗಳವಾಡಲಿ. ಇದನ್ನು ನಿಷೇಧಿಸಿ ಎಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ.

ಆದರೆ ನನ್ನ ವಯಸ್ಸಿನವರಿಗೆ ಆ ದೃಶ್ಯ ಬರೀ ಕತೆಯಲ್ಲ. ಗೇಮ್ ಬಿಡುಗಡೆಯಾದದ್ದು 2009ರ ನವೆಂಬರ್ 10ರಂದು. ಮುಂಬೈನ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ರೈಲಿಗೆ ಕಾಯುತ್ತಿದ್ದವರ ಮೇಲೆ ಇಬ್ಬರು ಗುಂಡು ಸುರಿಸಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಆ ರಾತ್ರಿ ಟಿವಿ ಮುಂದೆ ಕುಳಿತಿದ್ದ ನಮಗೆ ನೆಲದ ಮೇಲೆ ಚೆಲ್ಲಿಬಿದ್ದ ಚೀಲಗಳೂ ಚಪ್ಪಲಿಗಳೂ ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ನನ್ನ ಮಗ ಆಗ ಹುಟ್ಟಿಯೇ ಇರಲಿಲ್ಲ. ಅಂಥದ್ದೊಂದು ರಾತ್ರಿಯನ್ನು ಅವನು ಮೊದಲು ಸತ್ತವರ ಕಡೆ ನಿಂತು ಅರಿಯಬೇಕು. ಬಂದೂಕು ಹಿಡಿದವನ ಜಾಗದಲ್ಲಿ ನಿಂತು ನೋಡುವ ವಯಸ್ಸು ಅವನಿಗಿನ್ನೂ ಬಂದಿಲ್ಲ.

ಬೇರೆ ದೇಶಗಳು ಈ ದೃಶ್ಯಕ್ಕೆ ಬೇರೆ ಬೇರೆ ದಾರಿ ಕಂಡುಕೊಂಡವು. ರಷ್ಯಾದ ಆವೃತ್ತಿಯಲ್ಲಿ ಆ ಭಾಗವೇ ಇರಲಿಲ್ಲ. ಜರ್ಮನಿ ಮತ್ತು ಜಪಾನಿನ ಆವೃತ್ತಿಗಳಲ್ಲಿ ನಾಗರಿಕರಿಗೆ ಗುಂಡು ಹೊಡೆದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಬ್ರಿಟನ್ನಿನಲ್ಲಿ ಸಂಸದ ಕೀತ್ ವಾಜ್ ಸಂಸತ್ತಿನಲ್ಲೇ ಮಾತೆತ್ತಿದರು. ಆದರೆ ಅಲ್ಲಿ ಗೇಮ್‌ಗೆ ಆಗಲೇ 18 ವರ್ಷದ ಪ್ರಮಾಣಪತ್ರವಿತ್ತು, ಅದಕ್ಕಿಂತ ಚಿಕ್ಕವರಿಗೆ ಮಾರುವಂತಿರಲಿಲ್ಲ. ನನಗೆ ಸರಿಕಂಡದ್ದು ಬ್ರಿಟನ್ನಿನ ದಾರಿ. ಕತ್ತರಿ ಹಾಕಿದರೆ ದೊಡ್ಡವರಿಗೆ ಅನ್ಯಾಯ, ಏನೂ ಮಾಡದಿದ್ದರೆ ಮಕ್ಕಳಿಗೆ.

ನಮ್ಮಲ್ಲಿ? ಚಿತ್ರಮಂದಿರಕ್ಕೆ ಬರುವ ಸಿನಿಮಾಕ್ಕೆ ಪ್ರಮಾಣಪತ್ರ ಬೇಕು. 2023ರ ತಿದ್ದುಪಡಿಯಿಂದ ಪೋಷಕರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದೆನ್ನುವ ಯುಎ ಪ್ರಮಾಣಪತ್ರದಲ್ಲೂ 7, 13, 16 ಎಂಬ ವಯಸ್ಸಿನ ಮೆಟ್ಟಿಲುಗಳು ಬಂದಿವೆ. ಒಟಿಟಿ ಸರಣಿಗಳಿಗೆ 2021ರ ನಿಯಮಗಳು ವಯಸ್ಸಿನ ಗುರುತು ಕಡ್ಡಾಯ ಮಾಡಿವೆ. ಗೇಮ್‌ಗಳಿಗೆ ಸಿನಿಮಾದಂಥ ಶಾಸನಬದ್ಧ ಪ್ರಮಾಣಪತ್ರವೇ ಇಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಟ್ಟು ಆಡುವ ಆಟಗಳನ್ನು ನಿಷೇಧಿಸಿತು. ಎಷ್ಟೋ ಮನೆಗಳು ಉಳಿದವು, ಅದಕ್ಕಾಗಿ ತಮಗೆ ಕೃತಜ್ಞಳು. ಆದರೆ ಆ ಕಾಯ್ದೆ ಮುಖ್ಯವಾಗಿ ನೋಡಿದ್ದು ಜೇಬನ್ನು. ಗುಂಡಿನ ಕಾಳಗದ ಮೊಬೈಲ್ ಗೇಮ್ ಪಬ್‌ಜಿ ನಿಷೇಧವಾಗಿ, ಅದರ ಭಾರತೀಯ ರೂಪ ಬಿಜಿಎಂಐ ಬಂದಾಗ ರಕ್ತದ ಬಣ್ಣ ಹಸಿರಾಯಿತು, 18 ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಬಂತು. ಒಂದು ಕಂಪನಿ ತನ್ನ ಒಂದು ಗೇಮ್‌ಗೆ ಮಾಡಿಕೊಂಡ ಏರ್ಪಾಡು ಅದು.

ಮಗ ತಂದ ಡಬ್ಬಿಯನ್ನು ಆ ಸಂಜೆ ತಿರುಗಿಸಿ ನೋಡಿದೆ. ಮೂಲೆಯಲ್ಲಿ ಅಂಗಡಿಯವರು ಬೆಲೆಯ ಚೀಟಿ ಅಂಟಿಸಿದ್ದರು. ಉಗುರಿನಿಂದ ಕೆರೆದು ತೆಗೆದರೆ ಅದರ ಕೆಳಗೆ 18 ಎಂಬ ಅಂಕಿ ಇತ್ತು. ಗೇಮ್‌ಗಳಿಗೆ ವಯಸ್ಸು ಗೊತ್ತುಮಾಡುವ ಯುರೋಪಿನ ಪೆಗಿ ಸಂಸ್ಥೆಯ ಗುರುತು. ಬೇಕೆಂದೇ ಮುಚ್ಚಿದ್ದರೆಂದು ನಾನು ಹೇಳಲಾರೆ. ಮುಚ್ಚಿದರೂ ಕೇಳುವ ಕಾನೂನು ಇಲ್ಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಭಾರತದಲ್ಲಿ ಮಾರಾಟವಾಗುವ ಪ್ರತಿ ಗೇಮ್‌ಗೂ ಸಿನಿಮಾದ ಮಾದರಿಯಲ್ಲೇ ವಯಸ್ಸಿನ ಪ್ರಮಾಣಪತ್ರ ಕಡ್ಡಾಯವಾಗಲಿ. ಅದರ ಜೊತೆ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಲಿ: ‘ನಿರಾಯುಧ ನಾಗರಿಕರ ಹತ್ಯೆಯ ದೃಶ್ಯವಿದೆ’ ಎಂದು, ಕನ್ನಡದಲ್ಲಿ, ಮನೆಯಲ್ಲಿರುವ ಅಜ್ಜಿಗೂ ಅರ್ಥವಾಗುವಂತೆ. ಆನ್‌ಲೈನ್‌ನಲ್ಲಿ ಹುಟ್ಟಿದ ವರ್ಷ ಕೇಳಿದರೆ ಸಾಲದು, ಬಾಯಿಗೆ ಬಂದ ವರ್ಷ ಹಾಕಲು ಮಕ್ಕಳಿಗೆ ಬರುತ್ತದೆ. ಕೊಳ್ಳುವ ಹಂತದಲ್ಲಿ ಪೋಷಕರ ಒಪ್ಪಿಗೆ ಬೇಕು.

ತಮ್ಮ ಸಚಿವಾಲಯ ಇಂಥ ಕರಡು ನಿಯಮ ಹೊರಡಿಸುವುದಾದರೆ ದಯವಿಟ್ಟು ಅದನ್ನು ಕನ್ನಡದಲ್ಲೂ ಪ್ರಕಟಿಸಿ, ಅಭಿಪ್ರಾಯ ತಿಳಿಸಲು ತಿಂಗಳಾದರೂ ಕಾಲಾವಕಾಶ ಕೊಡಿ. ನಾನು ಬರೆಯುತ್ತೇನೆ. ನನ್ನ ಮಗನೂ ಬರೆಯುತ್ತೇನೆ ಎಂದಿದ್ದಾನೆ.

ಇತಿ ತಮ್ಮ ವಿಶ್ವಾಸಿ,
ಶಿವಮೊಗ್ಗದ ಒಬ್ಬ ತಾಯಿ